ಪಂಚಮಿ ಕಳೆದ ಮೇಲೆ ಹೋದ ರೊಟ್ಟಿ

ಆಗ ನನಗೆ ಎಪ್ಪತ್ತೊಂದು. ಆರು ವರ್ಷ ಕಳೆದಿದೆ. ಮಂಡಿ ಆಗಲೂ ನೋಯುತ್ತಿತ್ತು, ಈಗಲೂ ನೋಯುತ್ತದೆ. ಆ ವಿಷಯದಲ್ಲಿ ನಾನೇನೂ ಬದಲಾಗಿಲ್ಲ.

ಹೋದ ವಾರ ಮೂಡಲಪಾಳ್ಯದ ನಮ್ಮ ಬೀದಿ ತುದಿಯ ಬೇಕರಿಯವರು ಹಳೆಯ ಇಟ್ಟಿಗೆ ಒಲೆಯನ್ನು ಒಡೆಸಿದರು. ಕರೆಂಟಿನ ಓವನ್ ಬರುತ್ತದಂತೆ. ಇಟ್ಟಿಗೆಗಳನ್ನು ತಂದು ರಸ್ತೆ ಬದಿಗೆ ಸುರಿದಿದ್ದರು. ರಸ್ಕ್ ತರಲು ಹೋದವಳು ಆ ರಾಶಿಯ ಪಕ್ಕ ನಿಂತೆ. ಸುಟ್ಟ ಇಟ್ಟಿಗೆ, ಸೌದೆ ಹೊಗೆ, ಸೀದ ಸಕ್ಕರೆ, ಅದರ ಕೆಳಗೆಲ್ಲೋ ಜೋಳದ ಹಿಟ್ಟಿನ ವಾಸನೆ. ಜೋಳದ ವಾಸನೆ ನಿಜವಾಗಿ ಇರಲಿಕ್ಕಿಲ್ಲ. ಇಷ್ಟು ವರ್ಷ ಯಾವ ವಾಸನೆ ಇಟ್ಟಿಗೆಯಲ್ಲಿ ಕೂತಿರುತ್ತದೆ? ನನ್ನ ಮೂಗಿಗೆ ಬಂತು, ಅಷ್ಟೆ. ಆ ಶ್ರಾವಣ ನೆನಪಾಯಿತು.

ಆ ಶ್ರಾವಣದಲ್ಲಿ ನಮ್ಮ ಕಡೆ ಬಿದ್ದದ್ದು ಜಿಟಿಜಿಟಿ ಮಳೆ. ಅದರಲ್ಲಿ ಸೀರೆ ಒದ್ದೆಯಾಗುವುದಿಲ್ಲ, ಒಗೆದ ಬಟ್ಟೆ ಒಣಗುವುದೂ ಇಲ್ಲ. ಅದೇ ಹೊತ್ತಿನಲ್ಲಿ ಬಾಗಲಕೋಟೆ ಕಡೆ ಹೊಳೆ ಊರೊಳಗೆ ನುಗ್ಗಿತ್ತು. ಟಿವಿಯಲ್ಲಿ ಮಾಳಿಗೆ ಮೇಲೆ ನಿಂತ ಜನ, ಈಜುವ ಎಮ್ಮೆ. ಚಾನೆಲ್ ಬದಲಿಸಿದರೆ ಅದೇ ಜನ, ಅದೇ ಎಮ್ಮೆ.

ನಮ್ಮ ಬೀದಿಯ ಗಣೇಶನ ಸಂಘಕ್ಕೆ ಪುಟ್ಟರಾಜು ಅಧ್ಯಕ್ಷ. ನಮ್ಮ ಯಜಮಾನರ ಅಣ್ಣನ ಮಗ. ಕಾಮಾಕ್ಷಿಪಾಳ್ಯದಲ್ಲಿ ಬಾಗಿಲ ಚಿಲಕ ಮಾಡುವ ಸಣ್ಣ ವರ್ಕ್‌ಶಾಪ್ ಇದೆ ಅವನಿಗೆ. ಅವನು ಆಟೋಗೆ ಮೈಕ್ ಕಟ್ಟಿಸಿ, ನೆರೆ ಬಂದವರಿಗೆ ಸಹಾಯ ಮಾಡಿ ಎಂದು ಬೀದಿಬೀದಿ ಕೂಗಿಸಿದ. ಜನ ಕೊಟ್ಟರು. ಕೊಟ್ಟದ್ದನ್ನು ಇಡಲು ಜಾಗ ಬೇಕಿತ್ತು. ನಮ್ಮ ಮನೆಗೆ ಅಂಟಿಕೊಂಡು ನನ್ನದೊಂದು ಖಾಲಿ ಸೈಟು ಇದೆ, ಗಣೇಶನ ಪೆಂಡಾಲು ಹಾಕುವುದೂ ಅಲ್ಲೇ. ಮೇಲೆ ತಗಡು ಹೊದಿಸಿ ಎಲ್ಲವನ್ನೂ ಅಲ್ಲಿ ಸುರಿದರು. ನನ್ನ ಸೈಟಿನಲ್ಲಿ ಬಿದ್ದದ್ದು ನಾನು ನೋಡದೆ ಆಚೆಗೆ ಹೋಗುವುದಿಲ್ಲ. ಹೀಗೆ ನಾನು ಆ ಕೆಲಸಕ್ಕೆ ಸೇರಿದೆ. ಯಾರೂ ಕರೆಯಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ.

ಮುರುಕು ಕುರ್ಚಿ ಹಾಕಿಕೊಂಡು ಗೇಟಿನ ಹತ್ತಿರ ಕೂತೆ. ಬಂದ ಚೀಲ ಬಿಚ್ಚಿ ನೋಡುವುದು ನನ್ನ ಕೆಲಸ. ಹಿಂದಿನ ಬೀದಿ ಅಪಾರ್ಟ್‌ಮೆಂಟಿನ ಹೆಂಗಸೊಬ್ಬಳು ದೊಡ್ಡ ಚೀಲ ತಂದು ಇಟ್ಟಳು.

"ಏನಮ್ಮಾ ಇದು?"

"ಬಟ್ಟೆ ಆಂಟಿ. ಪಾಪ, ಅವ್ರಿಗೆ ಉಟ್ಕೊಳೋಕೂ ಏನೂ ಇಲ್ವಂತೆ."

ನಾನು ಒಂದು ನೈಟಿ ಎಳೆದೆ. ಕಂಕುಳು ಪೂರ್ತಿ ಹರಿದಿತ್ತು.

"ಇದನ್ನ ಹಾಕ್ಕೊಂಡು ನೀನು ಹಾಲು ತರೋಕ್ ಹೋಗ್ತೀಯಾ?"

"ಅಯ್ಯೋ, ಹೆಂಗ್ ಹೋಗ್ಲಿ ಆಂಟಿ!"

"ಮತ್ತೆ ಅವಳು ಹಾಕ್ಕೊಂಡು ನೀರಲ್ಲಿ ನಿಂತ್ಕೋಬೇಕಾ? ತಗೊಂಡೋಗು, ನೆಲ ಒರೆಸೋಕಾಗುತ್ತೆ."

ಮುಖ ಊದಿಸಿಕೊಂಡು ಹೋದಳು. ಮರುದಿನ ಬಂದು ಎರಡು ಹೊಸ ಹೊದಿಕೆ, ಗಟ್ಟಿಯಾಗಿರುವ ನಾಲ್ಕಾರು ನೂಲಿನ ಸೀರೆ ಇಟ್ಟು ಮಾತಾಡದೆ ಹೋದಳು. ಮಾತು ಯಾರಿಗೆ ಬೇಕು? ಸೀರೆ ಚೆನ್ನಾಗಿದ್ದವು.

ಮೊದಲನೇ ಲಾರಿ ಹಾಗೆ ತುಂಬಿತು. ಅಕ್ಕಿ, ಬೇಳೆ, ಬ್ರೆಡ್ಡು, ನೀರಿನ ಬಾಟಲಿ. ಲಾರಿಯ ಉದ್ದಕ್ಕೂ ಬ್ಯಾನರು, ಬ್ಯಾನರಿನಲ್ಲಿ ಪುಟ್ಟರಾಜುವಿನ ಮುಖ. ತೆಂಗಿನಕಾಯಿ ಒಡೆದು ಕಳಿಸಿದರು. ಲಾರಿ ತಿಮ್ಮಣ್ಣನದು. ಮಾಗಡಿ ಕಡೆಯವನು, ನಮ್ಮ ಬೀದಿಯಲ್ಲೇ ಲಾರಿ ನಿಲ್ಲಿಸುತ್ತಾನೆ. ಒಳ್ಳೆಯ ಡ್ರೈವರ್, ಆದರೆ ಹೊಟ್ಟೆಬಾಕ.

ಅವನು ವಾಪಸ್ ಬಂದ ದಿನ ಸೈಟಿನಲ್ಲೇ ಕೂತು ಕಥೆ ಹೇಳಿದ. ನಮ್ಮ ಮನೆ ಕೆಳಗಿನ ಖಾನಾವಳಿಯ ನೀಲವ್ವ ಎಲ್ಲರಿಗೂ ಟೀ ತಂದಿದ್ದಳು.

"ಹೈವೇ ಪಕ್ಕದ ಊರಲ್ಲಿ ಲಾರಿಗಳು ಜಾತ್ರೆ ಥರ ನಿಂತಿವೆ ಅಜ್ಜಿ," ಎಂದ. "ಮುಂದಕ್ಕೆ ಬಿಡಲ್ಲ. ಹುಡುಗ್ರು ಅಡ್ಡ ಹಾಕ್ತಾರೆ, ಅಲ್ಲೇ ಇಳಿಸ್ಕೋತಾರೆ. ಮೇಲಿಂದ ಪ್ಯಾಕೆಟ್ ಎಸೀತಾರೆ. ಓಡಿ ಹಿಡಿಯೋನಿಗೆ ಸಿಗುತ್ತೆ. ಮುದುಕೀರು ದೂರದಲ್ಲಿ ನಿಂತು ನೋಡ್ತಿದ್ರು. ಬ್ರೆಡ್ಡಂತೂ ಆಗ್ಲೇ ಹಸಿರಾಗಿತ್ತು. ಹಂದಿಗೂ ಹಾಕಂಗಿರ್ಲಿಲ್ಲ."

ಪುಟ್ಟರಾಜು, "ನಮ್ಮ ಬ್ಯಾನರ್ ಕಾಣ್ತಿತ್ತೇನೋ?" ಎಂದ.

"ಚೆನ್ನಾಗಿ ಕಾಣ್ತಿತ್ತು ಅಣ್ಣ. ಅದಕ್ಕೇ ಅಡ್ಡ ಹಾಕಿದ್ದು."

ನೀಲವ್ವ ಟೀ ಲೋಟ ಎತ್ತಿಕೊಳ್ಳುತ್ತಾ, "ಹೊಳಿ ಆಚೆ ದಂಡಿ ಊರಿಗೆ ಯಾರರ ಹೋಗ್ಯಾರೇನ್ರಿ ಅಣ್ಣಾರ?" ಎಂದು ಕೇಳಿದಳು.

"ಇಲ್ಲಕ್ಕ. ಸೇತುವೆ ಮುಳುಗಿದೆ. ಆ ಕಡೆಗೆ ಯಾವ ಲಾರಿನೂ ಹೋಗ್ತಿಲ್ಲ."

ಅವಳು ಲೋಟಗಳನ್ನು ಅಲ್ಲೇ ಇಟ್ಟು ಒಳಗೆ ಹೋದಳು.

ನೀಲವ್ವ ಐವತ್ತರ ಹತ್ತಿರದವಳು. ಗಂಡ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ ಮಾಡಿ ಬಡಿಸುತ್ತಿದ್ದಳು. ಅವಳ ಹಾಗೆಯೇ ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ದುಡಿಯುವ ಗಂಡಸರು ಸಾಲುಗಟ್ಟಿ ಉಣ್ಣುತ್ತಿದ್ದರು. ನನಗೆ ಮಾತಿಗೆ ಮಾತು ಕೊಡುವವಳು ಬೀದಿಯಲ್ಲಿ ಅವಳೊಬ್ಬಳೇ. ಹೊಳೆ ಬಂದ ದಿನದಿಂದ ಮಾತು ಕಡಿಮೆಯಾಗಿತ್ತು. ಅಂಗಡಿಯ ಟಿವಿ ಆರಿಸಿಟ್ಟಿದ್ದಳು. ಗಿರಾಕಿಗಳು ಹಾಕಿ ಎಂದರೆ ರಿಮೋಟ್ ಕಳೆದಿದೆ ಎನ್ನುತ್ತಿದ್ದಳು. ರಿಮೋಟ್ ಅವಳ ಸೊಂಟದಲ್ಲೇ ಇತ್ತು, ನಾನು ನೋಡಿದ್ದೆ.

ನಾನು ಹಿಂದೆಯೇ ಹೋದೆ. "ನಿನ್ನ ತವರು ಹೊಳೆ ಆಚೇನಾ?"

"ಹೂಂ ರೀ ಅಮ್ಮಾರ. ಊರ ಮಂದಿ ಎಲ್ಲಾ ದಿಬ್ಬದ ಮ್ಯಾಲಿನ ಸಾಲ್ಯಾಗ ಅದಾರಂತ. ನಮ್ಮ ಓಣಿ ಗೆಳತಿ ಫೋನ್ ಹಚ್ಚಿದ್ಲು. ಅಕ್ಕಿ ಅದಾವಂತ್ರಿ, ಹೆಂಗ ಬೇಸ್ತಾರ? ಒಲಿ ಇಲ್ಲ, ಒಣಾ ಕಟಗಿ ಇಲ್ಲ. ಹೆಲಿಕಾಪ್ಟರಿಂದ ಒಮ್ಮೆ ಪ್ಯಾಕೆಟ್ ಒಗದ್ರಂತ. ಮುದುಕರು ಮುಟ್ಟಲಿಲ್ಲಂತ. ಒಗದದ್ದು ತಿನ್ನಾಕ ನಾವೇನು ನಾಯೇನು ಅಂದ್ರಂತ."

"ಹಸಿದಿದ್ದರೂ ಜಂಬ."

"ಜಂಬ ಅಲ್ರಿ. ನಿಮ್ಮ ಅಂಗಳದಾಗ ಯಾರರ ರೊಟ್ಟಿ ಒಗದ್ರ ನೀವ ತಿಂತೀರೇನು?"

ನಾನು ತಿನ್ನುವುದಿಲ್ಲ.

ಆ ಸಂಜೆ ಎರಡನೇ ಲಾರಿಯ ಮಾತು ನಡೆಯಿತು. ಪುಟ್ಟರಾಜು ಮತ್ತೆ ಅಕ್ಕಿ ಎಂದ. ನೀಲವ್ವ ಸೈಟಿಗೆ ಬಂದು ನಿಂತು, ರೊಟ್ಟಿ ಎಂದಳು. ತೆಳ್ಳಗೆ ತಟ್ಟಿ, ಕಟಕಟ ಮುರಿಯುವ ಹಾಗೆ ಒಣಗಿಸಿದ ಜೋಳದ ರೊಟ್ಟಿ. ತಿಂಗಳಾದರೂ ಕೆಡುವುದಿಲ್ಲ, ಒಲೆ ಬೇಡ. ಜೊತೆಗೆ ಶೇಂಗಾ ಚಟ್ನಿಪುಡಿ. ನೀರಿನಲ್ಲಿ ಅದ್ದಿದರೆ ಹಲ್ಲಿಲ್ಲದವರೂ ತಿನ್ನಬಹುದು.

"ಅಕ್ಕ, ರೊಟ್ಟಿಯಿಂದ ಲಾರಿ ತುಂಬುತ್ತಾ?" ಎಂದ ಪುಟ್ಟರಾಜು.

"ನೀವು ಲಾರಿ ತುಂಬಸಾಕ ಹೊಂಟೀರೋ, ಹೊಟ್ಟಿ ತುಂಬಸಾಕ ಹೊಂಟೀರೋ?"

ತಿಮ್ಮಣ್ಣ ನಕ್ಕ. ಪುಟ್ಟರಾಜು ನನ್ನ ಮುಖ ನೋಡಿದ. "ಏನ್ ಚಿಕ್ಕಮ್ಮ?"

"ನನ್ನನ್ನೇನು ಕೇಳ್ತೀಯ? ಅವರ ಊರು, ಅವರ ಹೊಟ್ಟೆ. ಅವಳನ್ನ ಕೇಳು."

ಆಗ ನೀಲವ್ವ ಅವರ ಸೀಮೆಯ ಪದ್ಧತಿಯೊಂದನ್ನು ಹೇಳಿದಳು. ನಾಗರ ಪಂಚಮಿಯ ಹಿಂದಿನ ದಿನ ಅವರಲ್ಲಿ ರೊಟ್ಟಿ ಹಬ್ಬ. ಮನೆಮನೆಯಲ್ಲೂ ರೊಟ್ಟಿ ಮಾಡಿ ಅಕ್ಕಪಕ್ಕದವರಿಗೆ, ನೆಂಟರಿಗೆ ಬೀರುತ್ತಾರೆ. ಪಂಚಮಿ ರೊಟ್ಟಿಯನ್ನು ಯಾರೂ ಒಲ್ಲೆ ಎನ್ನುವುದಿಲ್ಲ, ಸಿಟ್ಟಿದ್ದವರೂ ತೆಗೆದುಕೊಳ್ಳುತ್ತಾರೆ. ರೊಟ್ಟಿ ಬಂದ ತಟ್ಟೆಯನ್ನಾಗಲೀ ಬಟ್ಟೆಯನ್ನಾಗಲೀ ಬರಿದಾಗಿ ಹಿಂದಕ್ಕೆ ಕಳಿಸುವುದಿಲ್ಲ. ತಮ್ಮ ಮನೆಯದು ಏನಾದರೂ ಅದರಲ್ಲಿ ಹಾಕಿಯೇ ಕಳಿಸಬೇಕು.

"ಈ ಸಲ ಪಂಚಮಿ ನೀರಾಗ ಹೋತು," ಎಂದಳು. "ನಾವು ಈಗ ಮಾಡೂಣು. ಮನಿಗೊಂದು ಗಂಟು ಕಟ್ಟೂಣು. ಹೆಸರು ಹಿಡಿದು ಕರದು, ಕೈಯಾಗ ಕೊಡೂಣು. ಆಗ ತಗೋತಾರ."

ಪುಟ್ಟರಾಜು ತಲೆ ಕೆರೆದುಕೊಂಡ. ಆದರೆ ಒಪ್ಪಿದ ಮೇಲೆ ಕೆಲಸ ಮಾಡಿದ, ಸುಳ್ಳು ಹೇಳಬಾರದು. ನೀಲವ್ವನ ಗೆಳತಿಯಿಂದ ಆ ಶಾಲೆಯ ಮೇಷ್ಟರ ಫೋನ್ ನಂಬರ್ ಹಿಡಿದ. ಹೊಳೆಯ ಮೇಲ್ಗಡೆ ಮುಳುಗದೆ ಉಳಿದ ಸೇತುವೆ ಬಳಸಿ ಸುತ್ತಿ ಬಂದರೆ ದಾರಿ ಇದೆ ಎಂದು ಅವರು ಹೇಳಿದರು. ಕೊನೆಯ ಕೆಸರಿನಲ್ಲಿ ಲಾರಿ ಹೋಗುವುದಿಲ್ಲ, ಟ್ರ್ಯಾಕ್ಟರ್ ಬೇಕು. ಟ್ರ್ಯಾಕ್ಟರ್ ಉಳಿಸಿಕೊಂಡ ರೈತನೊಬ್ಬನನ್ನು ಮೇಷ್ಟರೇ ಒಪ್ಪಿಸಿದರು. ಮಳೆ ನಿಂತ ದಿನ ನೋಡಿ, ಬೆಳಕಿರುವಾಗಲೇ ಅಲ್ಲಿಗೆ ಮುಟ್ಟುವ ಹಾಗೆ ಹೊರಡಬೇಕು. ಇಷ್ಟಾದ ಮೇಲೆ ತಿಮ್ಮಣ್ಣ ಒಂದು ಮಾತು ಸೇರಿಸಿದ:

"ಬ್ಯಾನರ್ ಬೇಡ ಅಣ್ಣ. ಬ್ಯಾನರ್ ಕಂಡ್ರೆ ಹೈವೇಲೇ ಇಳಿಸ್ಕೋತಾರೆ. ಖಾಲಿ ಡ್ರಮ್ ಅಡ್ಡ ಇಟ್ಕೊಂಡು, ಟಾರ್ಪಲ್ ಹೊದಿಸ್ಕೊಂಡು ಹೋಗ್ತೀನಿ."

"ಬ್ಯಾನರ್ ಇಲ್ದೆ ಯಾರು ಕಳ್ಸಿದ್ದು ಅಂತ ಹೆಂಗೋ ಗೊತ್ತಾಗುತ್ತೆ?"

"ತಿಂದೋರಿಗೆ ಗೊತ್ತಾಗುತ್ತೆ ಕಣೋ," ಎಂದೆ. "ನಿನ್ನ ಮೂತಿ ನೋಡಿದ್ರೆ ಅವರಿಗೆ ಹೊಟ್ಟೆ ತುಂಬುತ್ತಾ?"

ಮರುದಿನದಿಂದ ಬೀದಿಯ ತುಂಬ ಜೋಳದ ಹಿಟ್ಟು. ನೀಲವ್ವ ತನ್ನ ಕಡೆಯ ಹೆಂಗಸರನ್ನು ಎಲ್ಲಿಂದಲೋ ಸೇರಿಸಿದಳು. ಚಂದ್ರಾ ಲೇಔಟಿನಿಂದ, ವಿಜಯನಗರದಿಂದ ಬಂದರು. ನಮ್ಮ ಗೌಡರ ಮನೆ ಹೆಂಗಸರೂ ಸೆರಗು ಸಿಕ್ಕಿಸಿಕೊಂಡು ಕೂತರು. ಹುಟ್ಟಿದಾಗಿನಿಂದ ಮುದ್ದೆ ಕಟ್ಟಿದ ಕೈ ನಮ್ಮದು. ರೊಟ್ಟಿ ತಟ್ಟಲು ಹೋದರೆ ಅಂಚು ಬಿರುಕು ಬಿಡುತ್ತದೆ, ಎತ್ತಿದರೆ ಹರಿಯುತ್ತದೆ. ನಾನು ತಟ್ಟಿದ್ದನ್ನು ನೋಡಿ ನೀಲವ್ವ, "ಇದು ಯಾವ ಜಿಲ್ಲಾದ ನಕಾಶಿ ರೀ ಅಮ್ಮಾರ?" ಎಂದಳು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಆದರೆ ಅವಳು ಬಹಳ ದಿನದ ಮೇಲೆ ತಮಾಷೆ ಮಾಡಿದ್ದಳಲ್ಲ, ಬಿಟ್ಟುಬಿಟ್ಟೆ. ಕೊನೆಗೆ ಕೆಲಸ ಹಂಚಿಕೊಂಡೆವು. ತಟ್ಟುವುದು ಅವರು. ಬೇಯಿಸುವುದು, ಹರಡುವುದು, ಪುಡಿ ಕುಟ್ಟುವುದು ನಾವು.

ಬೇಯಿಸಿದ್ದನ್ನು ನಮ್ಮ ಮನೆಯ ಮಂಚ, ಚಾಪೆ, ಹಜಾರ ಎಲ್ಲ ಕಡೆ ಹರಡಿದೆವು. ನಾನು ಆ ರಾತ್ರಿ ಮಲಗಿದ್ದು ಅಡುಗೆಮನೆ ಮೂಲೆಯಲ್ಲಿ. ಬೆಳಿಗ್ಗೆ ನೋಡಿದರೆ ಆ ಜಿಟಿಜಿಟಿ ಮಳೆಯ ತೇವ ಎಲ್ಲವನ್ನೂ ಹಿಡಿದಿತ್ತು. ರೊಟ್ಟಿ ಮುರಿಯಲಿಲ್ಲ, ಚಪ್ಪಲಿ ತೊಗಲಿನ ಹಾಗೆ ಬಾಗಿತು. ಒಂದರ ಮೇಲೊಂದು ಪೇರಿಸಿಟ್ಟಿದ್ದರ ಅಡಿಯಲ್ಲಿ ಬಿಳಿ ಬೂಷ್ಟು. ಅಷ್ಟನ್ನೂ ಎತ್ತಿ ಹಸುಗಳಿಗೆ ಹಾಕಿಸಿದೆ. ನೀಲವ್ವ ಬಾಗಿಲ ಮೆಟ್ಟಿಲ ಮೇಲೆ ಕೂತು ಅಂಗೈಗೆ ಅಂಟಿದ ಹಿಟ್ಟನ್ನು ಉಜ್ಜುತ್ತಿದ್ದಳು.

"ಬಿಸಲಿಲ್ಲದ ಊರಾಗ ಬಂದ ಕುಂತೇನ್ರಿ," ಎಂದಳು. "ಇಲ್ಲಿ ರೊಟ್ಟಿ ಒಣಗಂಗಿಲ್ಲ, ಬಿಡ್ರಿ."

ನನಗೆ ಬೇಕರಿಯ ಒಲೆ ನೆನಪಾದದ್ದು ದೊಡ್ಡ ಬುದ್ಧಿಯಿಂದಲ್ಲ. ಟೀಗೆ ನೆಂಚಿಕೊಳ್ಳಲು ಬನ್ ತರಿಸಿದ್ದೆ, ಅದು ಬಿಸಿಯಾಗಿತ್ತು. ಹೋಗಿ ಬೇಕರಿಯ ರಂಗಸ್ವಾಮಿಯನ್ನು ಕೇಳಿದೆ. ಹಾಸನದ ಕಡೆಯವನು, ಬಲು ಲೆಕ್ಕಾಚಾರದ ಮನುಷ್ಯ. ಬೆಳಗಿನ ಬ್ರೆಡ್ಡು, ಬನ್ನು ಹೊರಗೆ ಬಂದ ಮೇಲೆ ಒಲೆ ಸಂಜೆಯವರೆಗೆ ಸುಮ್ಮನೆ ಬಿಸಿಯಾಗಿರುತ್ತದೆ ಎಂದು ಅವನೇ ಒಪ್ಪಿಕೊಂಡ. ಆದರೆ ರೊಟ್ಟಿ ಇಡಲು ಮನಸ್ಸಿಲ್ಲ.

"ಅಜ್ಜಿ, ಜೋಳದ ವಾಸನೆ ಕೇಕಿಗೆ ಹಿಡಿಯುತ್ತೆ. ಗಿರಾಕಿಗಳು ಉಗೀತಾರೆ."

"ನಿನ್ನ ಕೇಕಿಗೆ ಈಗ ಯಾವ ವಾಸನೆ ಇದೆ? ಡಾಲ್ಡಾದ್ದು ತಾನೇ?"

ಅಷ್ಟರಲ್ಲಿ ನೀಲವ್ವ, "ತಟ್ಟಿಗೆ ತತ್ತಿ ಮುಟ್ಟಸ್ತೀರೇನ್ರಿ?" ಎಂದು ಕೇಳಿದಳು. ಅವಳ ತಾಯಿ ಮೊಟ್ಟೆ ಸೋಕಿದ ಪಾತ್ರೆಯಲ್ಲಿ ನೀರೂ ಕುಡಿಯುವವಳಲ್ಲ.

ರಂಗಸ್ವಾಮಿಗೆ ಅವಮಾನವಾಯಿತು. "ಮೊಟ್ಟೆನಾ? ನಮ್ಮಪ್ಪನ ಕಾಲದಿಂದ ಈ ಒಲೆಗೆ ಮೊಟ್ಟೆ ತೋರಿಸಿಲ್ಲ ಕಣಮ್ಮ! ಬೇಕಿದ್ರೆ ಟ್ರೇ ಮೂಸಿ ನೋಡಿ."

ನೀಲವ್ವ ನಿಜವಾಗಿಯೂ ಮೂಸಿ ನೋಡಿದಳು. ಇಷ್ಟೆಲ್ಲ ಆದ ಮೇಲೆ ಅವನಿಗೆ ಇಲ್ಲ ಎನ್ನಲಾಗಲಿಲ್ಲ. ತನ್ನ ಒಲೆ ಎಷ್ಟು ಮಡಿ ಎಂದು ತೋರಿಸಲಿಕ್ಕಾದರೂ ಅವನು ನಮ್ಮ ರೊಟ್ಟಿ ಇಟ್ಟುಕೊಳ್ಳಬೇಕಾಯಿತು.

ಮಧ್ಯಾಹ್ನ ಬನ್ನಿನ ಟ್ರೇಗಳಲ್ಲಿ ರೊಟ್ಟಿ ಜೋಡಿಸಿ, ಉದ್ದ ಹಿಡಿಕೆಯ ಹಲಗೆಯಲ್ಲಿ ಒಳಗೆ ತಳ್ಳಿ ಬಾಗಿಲು ಮುಚ್ಚುತ್ತಿದ್ದ. ಸಂಜೆ ತೆಗೆದರೆ ರೊಟ್ಟಿ ಗಾಜಿನ ಹಾಗೆ. ಬೆರಳಿನಿಂದ ತಟ್ಟಿದರೆ ಟಣ್ ಎನ್ನುತ್ತಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದ ಹಾಗೆ ಬಿಗಿಯುತ್ತಿದ್ದೆವು. ಅವನ ಕೇಕಿಗೆ ಜೋಳದ ವಾಸನೆ ಹಿಡಿದದ್ದು ನಿಜ. ಒಬ್ಬ ಗಿರಾಕಿ ಜಗಳಕ್ಕೇ ಬಂದ. "ಹೊಸ ಫ್ಲೇವರ್ ಸಾರ್, ಹೆಲ್ದಿ," ಎಂದ ರಂಗಸ್ವಾಮಿ, ಕಣ್ಣು ಕೂಡ ಮಿಟುಕಿಸದೆ.

ಆಮೇಲೆ ಗಂಟು ಕಟ್ಟುವ ಕೆಲಸ. ನಾನು ಆರಿಸಿಟ್ಟ ನೂಲಿನ ಸೀರೆಗಳನ್ನು ಚೌಕ ಚೌಕ ಹರಿದೆವು. ನೀಲವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ತನ್ನ ಊರಿನ ಮನೆಗಳನ್ನು ಓಣಿಯಲ್ಲಿ ನಡೆಯುತ್ತಿರುವವಳ ಹಾಗೆ ಒಂದೊಂದಾಗಿ ಹೇಳಿದಳು. ಊರ ಅಗಸಿ ಬಾಗಿಲ ಮನೆ, ಬೇವಿನ ಗಿಡದ ಮನೆ, ಕುಂಟ ಎತ್ತಿನವರ ಮನೆ, ಇಬ್ಬರು ಮುದುಕಿಯರಿರುವ ಮನೆ. ಪುಟ್ಟರಾಜು ಚೀಟಿ ಬರೆದು ಸಿಕ್ಕಿಸಿದ. ಹೆಚ್ಚು ಜನ ಇರುವ ಮನೆಗೆ ದೊಡ್ಡ ಗಂಟು, ಬಾಣಂತಿ ಇರುವ ಮನೆಗೆ ತುಪ್ಪದ ಡಬ್ಬಿ. ಓಣಿ ತುದಿ ಮುಟ್ಟಿದಳು. "ಮುಗೀತ್ರಿ," ಎಂದು ಕಣ್ಣು ತೆರೆದಳು.

"ನಿಮ್ಮ ಮನೆ ಯಾವುದು?" ಎಂದೆ.

"ಅದು ಬ್ಯಾಡ್ರಿ."

"ಯಾಕೆ, ಅವರಿಗೆ ಹೊಟ್ಟೆ ಇಲ್ವಾ?"

ಅವಳು ಹೇಳಿದ್ದನ್ನು ಚುಟುಕಾಗಿ ಹೇಳುತ್ತೇನೆ. ಅವರ ಕಡೆ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಮದುವೆಯಾದ ಹೊಸದರಲ್ಲಿ ಅವಳ ಅಣ್ಣ ಈರಪ್ಪ ಕರೆಯಲು ಬೆಂಗಳೂರಿಗೆ ಬಂದಿದ್ದ. ಕುಡಿದಿದ್ದ ಗಂಡ ಅವನನ್ನು ಬಾಗಿಲಲ್ಲೇ ಬೈದು ಅಟ್ಟಿದ, ನೀರೂ ಕೊಡಗೊಡಲಿಲ್ಲ. ಇವಳು ಬಾಗಿಲ ಹಿಂದೆ ನಿಂತಿದ್ದಳು. ಅವನು ಮತ್ತೆ ಬರಲಿಲ್ಲ. ಗಂಡ ಸತ್ತಾಗಲೂ ಬರಲಿಲ್ಲ. ಕರೆಯದೆ ಇವಳು ಹೋಗಲಿಲ್ಲ. ತಾಯಿಯ ಮುಖ ನೋಡಿ ಇಪ್ಪತ್ತು ವರ್ಷದ ಮೇಲಾಗಿತ್ತು. ಆ ತಾಯಿ ಈಗ ಆ ಶಾಲೆಯ ಕಟ್ಟೆಯ ಮೇಲೆ ಇದ್ದಾಳೆ.

"ನನ್ನ ಕೈ ರೊಟ್ಟಿ ಅಂದ್ರ ಒಗದುಬಿಡ್ತಾನ್ರಿ," ಎಂದಳು. "ಊರ ಮುಂದ ಒಗದ್ರ ಮುಗೀತು. ನನಗ ಆ ಊರು ಸತ್ತಂಗ. ಇಷ್ಟು ದಿನ ಕರದಾನು ಅಂತ ಒಂದು ಆಸೆ ಆದ್ರೂ ಐತಿ."

"ನೋಡು ನೀಲವ್ವ. ಇಡೀ ಊರಿಗೆ ಕೊಟ್ಟು ಒಂದು ಮನೆ ಬಿಟ್ಟರೆ ಅದೂ ಒಗೆದಂಗೇ. ನಿನ್ನ ಜಗಳ ನಿನ್ನದು, ಲಾರಿ ನನ್ನ ಸೈಟಿಂದ ಹೋಗೋದು. ಒಂದು ಮನೆ ತಪ್ಪಿದ್ರೆ ನಾನು ಗೇಟ್ ತೆಗೆಯಲ್ಲ."

ಅವಳು ಎದ್ದು ಹೋದಳು. ಸಿಟ್ಟಾಗಿ ಹೋದಳು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ತನ್ನದೇ ಹಸಿರು ಇಳಕಲ್ ಸೀರೆಯ ಒಡಲಿನಿಂದ ಒಂದು ಚೌಕ ಹರಿದುಕೊಂಡು ಬಂದಳು. ಒಳ್ಳೆಯ ಸೀರೆ. ನನಗೆ ಹೊಟ್ಟೆ ಉರಿಯಿತು. ಅದರಲ್ಲಿ ರೊಟ್ಟಿ ಕಟ್ಟಿ ತಿಮ್ಮಣ್ಣನ ಕೈಗೇ ಕೊಟ್ಟಳು.

"ಈರಪ್ಪ ಅಂತ ಕೂಗ್ರಿ. ನೀಲವ್ವ ಪಂಚಮಿ ರೊಟ್ಟಿ ಕಳಿಸ್ಯಾಳ ಅನ್ರಿ. ಮತ್ತೇನೂ ಅನಬ್ಯಾಡ್ರಿ."

"ನೀನೂ ಹತ್ತು ಲಾರಿ, ನಿನ್ನ ಕೈಯಾರೆ ಕೊಡು," ಎಂದೆ.

"ಕರೀದನ ಹೆಂಗ ಹೋಗ್ಲಿ ಅಮ್ಮಾರ?"

ಮಳೆ ನಿಂತ ದಿನ ಮುಂಜಾನೆ ಲಾರಿ ಹೊರಟಿತು. ಬ್ಯಾನರಿಲ್ಲ, ತೆಂಗಿನಕಾಯಿಯಿಲ್ಲ. ಹಿಂದೆ ಖಾಲಿ ಡ್ರಮ್ಮುಗಳು ಗಡಗಡ ಎನ್ನುತ್ತಿದ್ದವು. ಪುಟ್ಟರಾಜು ಬೀದಿ ತಿರುವಿನವರೆಗೆ ನಡೆದು ಹೋಗಿ ನಿಂತು ನೋಡಿದ.

ಕಾಯುವ ದಿನಗಳಲ್ಲಿ ನೀಲವ್ವ ರೊಟ್ಟಿ ತಟ್ಟಿದಳು, ಬಡಿಸಿದಳು, ಪಾತ್ರೆ ತೊಳೆದಳು. ಗಿರಾಕಿಯೊಬ್ಬ ಪಲ್ಯದಲ್ಲಿ ಉಪ್ಪಿಲ್ಲ ಎಂದ. ಇನ್ನೊಬ್ಬ ಉಪ್ಪು ಎರಡು ಸಲ ಬಿದ್ದಿದೆ ಎಂದ. ಲಾರಿ ಮುಟ್ಟಿತು, ಟ್ರ್ಯಾಕ್ಟರಿನಲ್ಲಿ ಸಾಮಾನು ದಿಬ್ಬ ಹತ್ತಿತು, ಎಲ್ಲರ ಕೈಗೂ ಹಂಚಿದರು ಎಂದು ಮೇಷ್ಟರು ಪುಟ್ಟರಾಜುವಿಗೆ ಫೋನ್ ಮಾಡಿದರು. ಅದಕ್ಕಿಂತ ಹೆಚ್ಚಿನದನ್ನು ಅವನು ಕೇಳಲಿಲ್ಲ. ಕೇಳೋ ಎಂದು ನಾನು ಹೇಳುವ ಹೊತ್ತಿಗೆ ಅಲ್ಲಿ ಫೋನೇ ಸಿಗುತ್ತಿರಲಿಲ್ಲ.

ಲಾರಿ ಬಂದದ್ದು ಒಂದು ಮಧ್ಯಾಹ್ನ, ಊಟದ ಗಿರಾಕಿಗಳು ಹೋದ ಮೇಲೆ. ಟೈರಿನ ತುಂಬ ಕಪ್ಪು ಎರೆಮಣ್ಣು. ತಿಮ್ಮಣ್ಣ ಇಳಿದವನೇ ಒಂದು ದೊಡ್ಡ ಚೀಲ ತಂದು ಹೆಮ್ಮೆಯಿಂದ ನಮ್ಮ ಮುಂದೆ ಇಟ್ಟ.

"ಏನೋ ಇದು?"

"ಬಟ್ಟೆಗಳು ಅಜ್ಜಿ. ಬಹಳ ಮರ್ಯಾದಸ್ಥ ಜನ. ಗಂಟು ಬಿಚ್ಚಿಕೊಂಡು ಬಟ್ಟೆ ವಾಪಸ್ ಕೊಟ್ರು. ಒಂದೊಂದ್ರಲ್ಲಿ ಚೂರುಪಾರು ಏನೇನೋ ಇತ್ತು. ಅಡಿಕೆ ಹೋಳು, ಅರಿಶಿನದ ಕೊಂಬು, ನೆಂದ ಶೇಂಗಾ. ಕಸ ಎಲ್ಲಾ ಕೊಡವಿ, ನೀಟಾಗಿ ಮಡಚಿ ತಂದಿದೀನಿ."

ನೀಲವ್ವ ಚೀಲಕ್ಕೆ ಕೈಹಾಕಿದಳು. ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕೆ ಹಾಕಿದಳು. ಅಡಿಯಲ್ಲಿ ಹಸಿರು ಚೌಕ ಸಿಕ್ಕಿತು. ಬಿಚ್ಚಿ ನೋಡಿದಳು. ಬರಿದು. ಅವಳ ಮುಖ ನೋಡಲಾಗಲಿಲ್ಲ, ನಾನು ಟೈರು ನೋಡಿದೆ.

"ಇದನ್ನ ಯಾರು ಕೊಟ್ರಿ?" ಎಂದು ಕ್ಷೀಣವಾಗಿ ಕೇಳಿದಳು.

"ಅದಾ? ನಿಮ್ಮಣ್ಣನೇ ಕೊಟ್ಟಿದ್ದು ಅಕ್ಕ. ಮೊದಲು ಹೆಸರು ಕೂಗಿದ್ರೆ ಆ ಕಡೆ ತಿರುಗಿ ನಿಂತುಬಿಟ್ಟ. ಒಂದು ಮುದುಕಿ ಬಂದು ನನ್ನ ಕೈಯಿಂದ ಗಂಟು ಕಿತ್ಕೊಂಡ್ತು. ಎಂಥ ಜೋರು ಅಂತೀರಾ ಆ ಮುದುಕಿ! ಆಮೇಲೆ ನಾನು ಟ್ರ್ಯಾಕ್ಟರ್ ಹತ್ತಿ ಕೂತಿದೀನಿ, ಆ ಮನುಷ್ಯ ಮಂಡಿವರೆಗೂ ಕೆಸರು ಮಾಡ್ಕೊಂಡು ಓಡ್ಬಂದು ಈ ಬಟ್ಟೆ ಕೊಟ್ಟ. 'ಅಕಿಗೆ ಮುಟ್ಟಸು' ಅಂದ. ಮುಟ್ಟಿಸಿದೀನಿ ನೋಡಿ."

"ಬರಿದು ಕೊಟ್ಟನೇನು?"

"ಇಲ್ಲ ಇಲ್ಲ. ಅರ್ಧ ರೊಟ್ಟಿ ಇತ್ತು ಅದರಲ್ಲಿ."

"ಎಲ್ಲೈತದು?"

ತಿಮ್ಮಣ್ಣ ನನ್ನ ಮುಖ ನೋಡಿದ, ಅವಳ ಮುಖ ನೋಡಿದ. "ಮಿಕ್ಕಿದ್ದು ಅಂದ್ಕೊಂಡೆ ಅಕ್ಕ. ಸಿರಾ ಹತ್ರ ಹೋಟ್ಲು ಮುಚ್ಚಿತ್ತು. ಹಸಿವಾಗಿತ್ತು, ತಿಂದೆ."

ನಾನು ಅವಳನ್ನೇ ನೋಡುತ್ತಿದ್ದೆ. ನೀಲವ್ವ ಎದ್ದು ಅವನ ಭುಜಕ್ಕೆ ಆ ಬಟ್ಟೆಯಿಂದಲೇ ಬಡಿದಳು. ಒಂದಲ್ಲ, ಸುಸ್ತಾಗುವ ತನಕ ಬಡಿದಳು.

"ನನ್ನ ತವರಮನಿ ತಿಂದ್ಯಲ್ಲೋ ಮೂಳಾ! ಪಂಚಮಿ ರೊಟ್ಟಿ ತಿಂದ್ಯಲ್ಲೋ! ನೀರಾಗ ನಿಂತು ಅವರು ಅರ್ಧ ಮುರದು ಕಳಸ್ಯಾರ, ಸಿರಾದಾಗ ಕುಂತು ತಿಂದ್ಯಲ್ಲೋ!"

"ನನಗೇನು ಗೊತ್ತಕ್ಕಾ! ನಮ್ಮೂರಲ್ಲಿ ಯಾರೂ ರೊಟ್ಟಿಗೆ ರೊಟ್ಟಿ ವಾಪಸ್ ಕೊಡಲ್ಲ! ಪದ್ಧತಿ ಹೇಳ್ದಾಗ ನಾನು ಟೀ ಕುಡೀತಿದ್ದೆ!"

ಅವಳು ಮೆಟ್ಟಿಲ ಮೇಲೆ ಕೂತಳು. ಅಳುತ್ತಾಳೆ ಎಂದುಕೊಂಡೆ, ನಗುತ್ತಿದ್ದಳು. ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು: "ಹೆಂಗಿತ್ತೋ?"

"ಚೆನ್ನಾಗಿತ್ತಕ್ಕ. ಸ್ವಲ್ಪ ಮೆತ್ತಗಾಗಿತ್ತು, ಅಷ್ಟೆ."

ಅವಳು ಆ ಹಸಿರು ಚೌಕವನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಅಮ್ಮಾರ, ಇದು ಕರದಂಗ ಆತೇನ್ರಿ?"

"ನಿಮ್ಮ ಸೀಮೆ ವಿಷಯ ನನಗೇನು ಗೊತ್ತು?" ಎಂದೆ. "ಹೋಗಿ ಅವನನ್ನೇ ಕೇಳು. ಕರೆದಿಲ್ಲ ಅಂದ್ರೆ ವಾಪಸ್ ಬಾ. ಬಸ್ಸೇನು ಒಂದೇ ಕಡೆ ಓಡುತ್ತಾ?"

ಸಂಜೆ ಹೊರಟಳು. ಒಂದು ಕೈಚೀಲ, ತಾಯಿಗೆ ಒಂದು ಹೊದಿಕೆ. ಪುಟ್ಟರಾಜು ಸ್ಕೂಟರಿನಲ್ಲಿ ಮೆಜೆಸ್ಟಿಕ್ಕಿಗೆ ಬಿಟ್ಟು ಬಂದ. ಹೋಗುವಾಗ ಅಂಗಡಿ ಬೀಗದ ಕೈ ನನ್ನ ಕೈಗೆ ಕೊಟ್ಟಳು. ಕಾಲಿಗೆ ಬೀಳಲು ಬಂದಳು. ಬಸ್ಸು ತಪ್ಪುತ್ತೆ, ನಡಿ ಎಂದೆ.

ಮರುದಿನ ಬೆಳಿಗ್ಗೆ ಎದ್ದು ಖಾನಾವಳಿಯ ಮುಂದೆ ಗುಡಿಸಿ ನೀರು ಹಾಕಿದೆ. ಕುರ್ಚಿ ತಂದು ಮುಚ್ಚಿದ ಬಾಗಿಲಿಗೆ ಅಡ್ಡ ಹಾಕಿಕೊಂಡು ಕೂತೆ. ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ನಿಂತರು.

"ಅಜ್ಜಿ, ಇವತ್ತು ರೊಟ್ಟಿ ಇಲ್ವಾ?"

"ಇಲ್ಲ. ನೀಲವ್ವ ತವರಿಗೆ ಹೋಗವಳೆ."

"ಯಾವಾಗ ಬರ್ತಾರೆ?"

"ತವರಿಗೆ ಹೋದೋಳನ್ನ ಹಂಗೆಲ್ಲ ಕೇಳಬಾರ್ದು ಕಣಪ್ಪ. ಹೋಗು, ಎದುರುಗಡೆ ಇಡ್ಲಿ ತಿನ್ನು," ಎಂದು ಬಂದವರಿಗೆಲ್ಲ ಅದನ್ನೇ ಹೇಳುತ್ತಾ, ಬಿಸಿಲು ಮೆಟ್ಟಿಲು ಹತ್ತುವವರೆಗೂ ಅಲ್ಲೇ ಕೂತಿದ್ದೆ.